ನೆತ್ತಿಯ ಹೊಲಿಗೆ

ಚಹಾದ ತಟ್ಟೆ ಹಿಡಿದುಕೊಂಡು ಒಬ್ಬಾತ ಡೇರೆಯೊಳಗೆ ಬಂದದ್ದೇ ತಡ, ಕೊರಗಪ್ಪ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಮುಂದೆ ಹೋಗಿ ಆ ತಟ್ಟೆಗೆ ಕೈಚಾಚಿಬಿಟ್ಟ. ಬಂದವನು ಗಾಬರಿಯಾಗಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ಒಂದು ಗಳಿಗೆ ಇಬ್ಬರೂ ಅದರ ಎರಡು ಅಂಚು ಹಿಡಿದು, ಯಾರು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತರು. ಕುವೈತಿನ ಆಫೀಸೊಂದರಲ್ಲಿ ಹದಿನಾಲ್ಕು ವರ್ಷ ಚಹಾ ಹಂಚಿದ ಕೈಗೆ ಚಹಾ ತೆಗೆದುಕೊಳ್ಳುವುದು ಮರೆತೇಹೋಗಿತ್ತು. “ನೀವು ಕೂತ್ಕೊಳ್ಳಿ ಒಮ್ಮೆ. ಇವತ್ತು ನೀವು ಗೆಸ್ಟ್ ಅಲ್ವಾ?” ಎಂದು ಮಂಚದ ಮೇಲೆ ಕೂತಿದ್ದ ಹೆಂಡತಿ ಕುಸುಮಾವತಿ ನಕ್ಕಳು. ಅವಳ ಕನ್ನಡ ಕೇಳಿ ತಟ್ಟೆಯವನ ಮುಖ ಅರಳಿತು. ತಾನು ಅಹ್ಮದ್ ಬಾವಾ, ಬಂಟ್ವಾಳದ ಕಡೆಯವನು, ಇಲ್ಲಿಯ ಡೇರೆಗಳ ಉಸ್ತುವಾರಿ ತನ್ನದೇ ಎಂದು ಒಂದೇ ಉಸಿರಿಗೆ ಹೇಳಿ, ಊರಿನ ಜನ ಗಿರಾಕಿಗಳಾಗಿ ಬಂದದ್ದು ಇದೇ ಮೊದಲೆಂದು ಸೇರಿಸಿ ಹೋದ. ಅದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ ಕೊರಗಪ್ಪನಿಗೆ ಗೊತ್ತಾಗಲಿಲ್ಲ. ಅರ್ಧ ಗಂಟೆಯ ಹಿಂದೆ ಗೇಟಿನಲ್ಲಿ ಕಾವಲಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೆಲಸದವರು ಹಿಂದಿನ ಗೇಟಿಗೆ ಹೋಗಬೇಕೆಂದು ಬೆರಳು ತೋರಿಸಿದ್ದ. ಕೊರಗಪ್ಪ ತನ್ನ ಚೀಲ ಎತ್ತಿಕೊಂಡು ಹಿಂದಿನ ಗೇಟಿನ ಕಡೆ ಹೊರಟೇಬಿಟ್ಟಿದ್ದ. ಕಾರಿನಿಂದ ಭಾವಮೈದುನ ಲತೀಶ ಇಳಿದು ಬಂದು “ಗೆಸ್ಟ್, ಗೆಸ್ಟ್!” ಎಂದು ಕೂಗಬೇಕಾಯಿತು.

ಈ ಒಂದು ದಿನದ ವಾಸ ಲತೀಶನದೇ ಉಡುಗೊರೆ. ಅಕ್ಕ ಭಾವನ ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಅವನೇ ಎಲ್ಲ ಏರ್ಪಾಡು ಮಾಡಿ, ಕಾರಿನಲ್ಲಿ ತಂದು ಬಿಟ್ಟು, ನಾಳೆ ಒಂಬತ್ತಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೋಗಿದ್ದ. ಕ್ಯಾಂಪಿನ ಮಾಲೀಕನಿಗೆ ಆಫ್ರಿಕಾದ ಹುಚ್ಚಂತೆ. ಅಲ್ಲಿಯ ಯಾವುದೋ ಮರುಭೂಮಿಯ ಸಫಾರಿ ಡೇರೆಯಲ್ಲಿ ನಾಲ್ಕು ದಿನ ಇದ್ದು ಬಂದವನು ಅದನ್ನೇ ಕುವೈತಿನ ಮರಳಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದ. ಜೀಬ್ರಾ ಪಟ್ಟೆಯ ಕುರ್ಚಿ, ಮರದ ಜಿರಾಫೆ, ಕಣ್ಣು ಕಿಸಿದ ಮುಖವಾಡಗಳು, ಮನುಷ್ಯ ಉದ್ದಕ್ಕೆ ಮಲಗಬಹುದಾದ ತಾಮ್ರದ ಸ್ನಾನದ ತೊಟ್ಟಿ. ಒಂದೇ ಒಂದು ಸೊಳ್ಳೆಯಿಲ್ಲದ ಜಾಗದಲ್ಲಿ ಮಂಚದ ಸುತ್ತ ಬಿಳಿ ಸೊಳ್ಳೆಪರದೆ. ಕುಸುಮಾವತಿ ತಾಮ್ರದ ತೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, “ಇದ್ರಲ್ಲಿ ಭತ್ತ ಬೇಯಿಸ್ಬಹುದು” ಎಂದಳು. ಕೊರಗಪ್ಪನಿಗೂ ನಗು ಬಂತು. ಇಪ್ಪತ್ತೆಂಟು ವರ್ಷ ಕುವೈತಿನಲ್ಲಿದ್ದು ಅವನು ಅಬ್ಬಾಸಿಯಾದ ಆರು ಮಂಚದ ಕೋಣೆ ಬಿಟ್ಟು ಮಲಗಿದವನಲ್ಲ. ಅವಳು ವಿಸಿಟ್ ವೀಸಾದಲ್ಲಿ ಬಂದು ರಿಗ್ಗೈಯಲ್ಲಿ ಮಗಳು ಅನ್ವಿತಾಳ ಮನೆಯಲ್ಲಿ ಇದ್ದಳು. ಅವನು ಶುಕ್ರವಾರ ಶುಕ್ರವಾರ ನೆಂಟನಂತೆ ಹೋಗಿ ಊಟ ಮಾಡಿ ಬರುತ್ತಿದ್ದ. ಈ ದೇಶದಲ್ಲಿ ಗಂಡ ಹೆಂಡತಿ ಇಬ್ಬರೇ ಒಂದು ಮಾಡಿನ ಅಡಿಯಲ್ಲಿ ಇರುವುದು ಇವತ್ತೇ ಮೊದಲು. ಅದನ್ನು ನೆನೆದು ಅವನಿಗೆ ಲತೀಶನ ಮೇಲೆ ಪ್ರೀತಿ ಉಕ್ಕಿತು. ಕೆಲಸ ಹೋದಾಗ ಬೇರೆ ಇಕಾಮಾ, ಅಂದರೆ ವಾಸದ ಪರವಾನಗಿ, ಮಾಡಿಸಿಕೊಟ್ಟು ಈ ದೇಶದಲ್ಲಿ ಉಳಿಸಿಕೊಂಡವನು, ಅನ್ವಿತಾಳಿಗೆ ಇಲ್ಲಿ ಕೆಲಸ ಕೊಡಿಸಿದವನು, ಅವಳ ಧಾರೆಯಲ್ಲಿ ಸೋದರಮಾವನಾಗಿ ಎಲ್ಲದಕ್ಕೂ ಮುಂದೆ ನಿಂತವನು. ಅವನ ಎದುರು ಮಾತಾಡುವಾಗ ಕೊರಗಪ್ಪನ ದನಿ ತಾನಾಗಿಯೇ ತಗ್ಗುತ್ತಿತ್ತು.

ಚಹಾ ಕುಡಿದು ಮಂಚದ ಮೇಲೆ ಅಂಗಾತ ಮಲಗಿದಾಗ ಅವನ ಕಣ್ಣು ಸೊಳ್ಳೆಪರದೆಯ ತೂತುಗಳ ಮೂಲಕ ಮೇಲೆ ಹೋಯಿತು. ಡೇರೆಯ ಒಳಗೆಲ್ಲ ಅಲಂಕಾರದ ಬಟ್ಟೆ ಬಿಗಿದಿದ್ದರೂ ನೆತ್ತಿಯುದ್ದಕ್ಕೆ ಒಂದು ಮೊಳ ಅಗಲ ಹಾಗೇ ಬಿಟ್ಟಿದ್ದರು, ಅಲ್ಲಿಯ ಕೆಂಪು ಕಪ್ಪು ನೇಯ್ಗೆಯ ಪಟ್ಟಿ ಕಾಣಲೆಂದು. ಆ ಪಟ್ಟಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅನ್ನಿಸಿದ್ದನ್ನು ಪಕ್ಕಕ್ಕೆ ಸರಿಸಿದ. ಇಂಥ ಪಟ್ಟಿ ಈ ದೇಶದಲ್ಲಿ ಸಾವಿರ ಇರುತ್ತವೆ. ಆದರೆ ಪಟ್ಟಿಯ ಪಕ್ಕದಲ್ಲಿ ಓಡುವ ಹೊಲಿಗೆ ಗೇಣಿಗೊಮ್ಮೆ ನಿಂತು, ಒಂದು ಹೆಜ್ಜೆ ಹಿಂದೆ ಬಂದು, ಗಂಟು ಹಾಕಿಕೊಂಡು ಮುಂದೆ ಹೋಗುತ್ತಿತ್ತು. ಮಂಗಳೂರಿನ ಬಂದರಿನಲ್ಲಿ ಸರಕಿನ ಮಂಜಿ ಹಡಗುಗಳ ಹಾಯಿ ಹೊಲಿಯುವ ಮುದುಕನೊಬ್ಬ ಹದಿನಾರು ವರ್ಷದ ಕೊರಗಪ್ಪನ ಅಂಗೈಗೆ ತೊಗಲಿನ ಪಟ್ಟಿ ಕಟ್ಟಿ, ದಬ್ಬಣ ಕೈಗಿತ್ತು ಕಲಿಸಿದ್ದು ಅದನ್ನೇ. ಗೇಣಿಗೊಂದು ಗಂಟು ಇದ್ದರೆ ನೂಲು ಒಂದು ಕಡೆ ಹರಿದರೂ ಅಲ್ಲಿಗೇ ನಿಲ್ಲುತ್ತದೆ, ಸಮುದ್ರದ ನಡುವೆ ಇಡೀ ಹಾಯಿ ಬಾಯಿ ಬಿಡುವುದಿಲ್ಲ. ಕುವೈತಿನ ಡೇರೆ ಅಂಗಡಿಯಲ್ಲಿ ಅವನ ಜೊತೆ ಕೂತು ಹೊಲಿದ ಪಠಾಣರು, ಸಿಂಧಿಗಳು ಯಾರೂ ಹಾಗೆ ಮಾಡುತ್ತಿರಲಿಲ್ಲ. ಹೊತ್ತು ಹಿಡಿಯುತ್ತದೆ ಎಂದು ನಗುತ್ತಿದ್ದರು. ಅವನು ಎದ್ದು, ಹಾಸಿಗೆಯ ಮೇಲೆಯೇ ನಿಂತು, ಸೊಳ್ಳೆಪರದೆಯನ್ನು ಒಂದು ಬದಿಗೆ ಎಳೆದ. ನೆತ್ತಿಯಿಂದ ಇಳಿದು ಬಂದ ಹೊಲಿಗೆ ಮಂಚದ ತಲೆಯ ಹತ್ತಿರ ಕೈಗೆಟಕುವಂತೆ ಮುಗಿದಿತ್ತು. ಕನ್ನಡಕ ತೆಗೆದು ಜೇಬಿಗೆ ಹಾಕಿ ಬೆರಳಿಟ್ಟ. ಕೊನೆಯ ಗಂಟಿನ ಪಕ್ಕದಲ್ಲಿ ಮೂರು ಹೊಲಿಗೆ ವಾರೆಯಾಗಿದ್ದವು. ಆ ಮೂರು ಹೊಲಿಗೆ ಅವನಿಗೆ ಗೊತ್ತಿತ್ತು. ಹೊಲಿಯತೊಡಗಿದ ಎಂಟನೆಯ ದಿನ, ಜ್ವರ ಬಂದ ಮೈಯಲ್ಲಿ, ತೂಕಡಿಕೆಯ ನಡುವೆ ಹಾಕಿದ್ದು. “ಎಂತ ಮಾಡ್ತಿದ್ದೀರಿ? ಮಂಚ ಮುರಿದ್ರೆ ಲತೀಶನಿಗೆ ಕೆಟ್ಟ ಹೆಸರು,” ಎಂದಳು ಕುಸುಮಾವತಿ. ಅವನು ಇಳಿಯಲಿಲ್ಲ.

ಏಕೆಂದರೆ ಈ ಡೇರೆ ಹೀಗೆ ಇರುವಂತಿಲ್ಲ. ಹದಿನಾಲ್ಕು ವರ್ಷದ ಹಿಂದೆ ಇದರ ನೆತ್ತಿ ಹರಿದಿತ್ತು. ದೊಡ್ಡ ಮನೆತನವೊಂದರ ಚಳಿಗಾಲದ ಕ್ಯಾಂಪಿಗೆ ಹೊಲಿದ ಡೇರೆ. ಹೊಲಿದವನು ಕೊರಗಪ್ಪ, ಒಯ್ದು ನಿಲ್ಲಿಸಲು ಹೋದವನು ಲತೀಶ. ಊರಿನಲ್ಲಿ ಅಲೆದಾಡಿಕೊಂಡಿದ್ದ ಅವನನ್ನು ಕರೆಸಿ, ಅಂಗಡಿಗೆ ಸೇರಿಸಿ, ಕೈಹಿಡಿದು ದಬ್ಬಣ ಕಲಿಸಿ ಆಗಿನ್ನೂ ಒಂದು ವರ್ಷವಾಗಿತ್ತು. ಮೂರನೆಯ ದಿನ ಅವನು ಬೆವರು ಸುರಿಸುತ್ತ ಬಂದು ಕೋಣೆಯ ಬಾಗಿಲು ಹಾಕಿಕೊಂಡ. “ಭಾವ, ನಿಮ್ಮ ನೆತ್ತಿಯ ಹೊಲಿಗೆ ಒಂದು ಮಾರು ಬಿಚ್ಚಿಕೊಂಡಿತು. ಗಾಳಿ ಒಳಗೆ ನುಗ್ಗಿ ಕಂಬ ಬಿದ್ದು ಕಾವಲಿನ ಮುದುಕನ ಸೊಂಟ ಖಲಾಸ್. ಪೊಲೀಸ್ ಕೇಸ್ ಮಾಡ್ತೇವೆ ಅಂತಿದ್ರು, ನಾನು ಕಾಲು ಹಿಡಿದು ಬಂದಿದ್ದೇನೆ. ಕಣ್ಣು ಮಂಜಾಗಿದೆ ಅಂತ ಹೇಳಿ ನೀವೇ ಕೆಲಸ ಬಿಡಿ. ಬಾಕಿದ್ದು ನಾನು ನೋಡ್ಕೊಳ್ತೇನೆ.” ಹೋಗಿ ನೋಡಿ ಬರೋಣ ಎಂದು ಕೊರಗಪ್ಪ ಒಂದು ಮಾತು ಕೇಳಲಿಲ್ಲ. ಗೇಣಿಗೊಂದು ಗಂಟು ಹಾಕಿದ ಹೊಲಿಗೆ ಮಾರುದ್ದ ಹೇಗೆ ಬಿಚ್ಚೀತು ಎಂದೂ ಕೇಳಲಿಲ್ಲ. ಅವನ ಮನಸ್ಸು ಆ ತೂಕಡಿಕೆಯ ಮಧ್ಯಾಹ್ನಕ್ಕೆ ಓಡಿ, ಗಂಟು ತಪ್ಪಿರಬೇಕು, ತಪ್ಪಿಯೇ ಇರಬೇಕು ಎಂದು ತಾನೇ ತೀರ್ಪು ಕೊಟ್ಟುಕೊಂಡಿತು. ಅಂಗಡಿಯ ಮಾಲೀಕನ ಎದುರು ಕಣ್ಣು ಮಂಜು ಎಂದ. ನಂಬಿಸಲು ಬೇಡದ ಕನ್ನಡಕವನ್ನೂ ಹಾಕಿಕೊಂಡ, ಅದು ಮುಖದ ಮೇಲೆಯೇ ಉಳಿಯಿತು. ಅವನ ಮಣೆಯ ಮೇಲೆ ಲತೀಶ ಕೂತ. ಈಗ ಅವನೇ ಡೇರೆಗಳ ಗುತ್ತಿಗೆದಾರ, ಕೈಕೆಳಗೆ ಮೂವತ್ತು ಜನ. ಕೊರಗಪ್ಪ ದಬ್ಬಣ ಹಿಡಿದದ್ದು ಆಮೇಲೆ ವರ್ಷಕ್ಕೊಮ್ಮೆ ಮಾತ್ರ. ಊರಿನ ಮನೆಯ ದೈವಕ್ಕೆ ವರ್ಷದ ಪೂಜೆಯಾದ ತಂಬಿಲ ನಡೆಯುವ ಮೊದಲು ಬಿಳಿ ಬಟ್ಟೆಯ ಒಂದು ಪುಟ್ಟ ಚೀಲ ಹೊಲಿದು, ಒಂದು ನಾಣ್ಯ ಒಳಗಿಟ್ಟು ಬಾಯಿ ಮುಚ್ಚಿ, ರಜೆಗೆ ಹೋಗುವ ಯಾರದೋ ಕೈಯಲ್ಲಿ ಕುಸುಮಾವತಿಗೆ ಕಳಿಸುತ್ತಿದ್ದ. ತಪ್ಪುಕಾಣಿಕೆ. ನನ್ನ ಕೈಯಿಂದ ಒಬ್ಬನ ಸೊಂಟ ಮುರಿಯಿತು, ತಪ್ಪಾಯಿತು ಎಂದು ದೈವದ ಮುಂದೆ ಅವಳು ಹೇಳಿ ಇಡಬೇಕು. ಒಮ್ಮೆ ಅವನು ರಜೆಯಲ್ಲಿದ್ದಾಗಲೇ ನೇಮ ನಡೆದು, ಪಾತ್ರಿಯ ಮೈಮೇಲೆ ಬಂದ ದೈವ ಅವನತ್ತ ತಿರುಗಿ “ನನಗೆ ಸಲ್ಲಬೇಕಾದ್ದು ಇನ್ನೂ ಸಂದಿಲ್ಲ” ಎಂದು ನುಡಿಕೊಟ್ಟಿತ್ತು. ಇಷ್ಟು ವರ್ಷ ಕೊಟ್ಟರೂ ತನ್ನ ತಪ್ಪು ತೀರಿಲ್ಲವೆಂದು ತಿಳಿದು ಆ ಸಲ ಅವನು ಸರಿಯಾಗಿ ಊಟ ಕೂಡ ಮಾಡದೆ ವಿಮಾನ ಹತ್ತಿದ್ದ.

ಹರಿದ ನೆತ್ತಿಯನ್ನು ಆಮೇಲೆ ಯಾರಾದರೂ ಹೊಲಿದಿರಬಹುದಲ್ಲ? ಈ ಮಾತು ಹೊಳೆದಾಗ ಅವನಿಗೆ ಒಂಥರಾ ನೆಮ್ಮದಿಯೇ ಆಯಿತು. ಲತೀಶ ಹೇಳಿದ್ದು ನಿಜವಾಗಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಆದರೆ ಬಟ್ಟೆಗೆ ಸುಳ್ಳು ಹೇಳಲು ಬರುವುದಿಲ್ಲ. ದಪ್ಪ ಕ್ಯಾನ್ವಾಸು ಹೊಲಿಗೆಯಲ್ಲಿ ಹರಿದರೆ ತೂತುಗಳು ಸೀಳಿಕೊಂಡು ಹೋಗುತ್ತವೆ, ಅದೇ ತೂತಿನಲ್ಲಿ ಮತ್ತೆ ನೂಲು ನಿಲ್ಲುವುದಿಲ್ಲ. ಮೇಲಿನಿಂದ ಒಂದು ಪಟ್ಟಿ ಹಚ್ಚಲೇಬೇಕು. ಅವನು ಹಾಸಿಗೆಯಿಂದ ಇಳಿದು ಕತ್ತು ಎತ್ತಿಕೊಂಡು ಡೇರೆಯ ಆ ತುದಿಯಿಂದ ಈ ತುದಿಗೆ ನಡೆದ. ಗಂಟು, ಗಂಟು, ಗಂಟು. ಎಲ್ಲಿಯೂ ತೇಪೆಯಿಲ್ಲ. ಎಲ್ಲವೂ ಅವನದೇ ಕೈ. ಮರದ ಜಿರಾಫೆಗೆ ಎಡವಿ ಅದು ಬಿತ್ತು. ಅದನ್ನು ಎತ್ತಿ ನಿಲ್ಲಿಸಿ, ಹೆಂಡತಿಗೆ ಏನೂ ಹೇಳದೆ, ಹೊರಗೆ ಹೋದ.

ಹೊರಗೆ ಬಿಸಿಲು ಇಳಿದು ಮರಳು ತಣ್ಣಗಾಗುತ್ತಿತ್ತು. ಅಹ್ಮದ್ ಬಾವಾ ಡೇರೆಯ ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತ ಬರುತ್ತಿದ್ದ. ಈ ಡೇರೆ ಎಲ್ಲಿಯದು ಎಂದು ಕೊರಗಪ್ಪ ಕೇಳಿದ್ದೇ ಸಾಕಾಯಿತು, ಬಾವಾ ಹಗ್ಗ ಬಿಟ್ಟು ಮಾತಿಗೆ ನಿಂತ. “ಇದು ನನ್ನ ಜೊತೆ ಬಂದದ್ದು ಮಾರ್ರೆ. ನಾನು ಮೊದ್ಲು ಒಂದು ದೊಡ್ಡ ಮನೆಯಲ್ಲಿ ಇದ್ದೆ. ಯಜಮಾನ್ರು ತೀರಿದ ಮೇಲೆ ಮಕ್ಕಳು ಡೇರೆ ಇವ್ರಿಗೆ ಮಾರಿದ್ರು, ಡೇರೆ ಗೊತ್ತಿದ್ದವ ಅಂತ ಹೇಳಿ ನನ್ನನ್ನೂ ಕಳ್ಸಿದ್ರು. ಬಾಕಿ ಡೇರೆ ಎಲ್ಲ ಮೂರು ವರ್ಷಕ್ಕೊಮ್ಮೆ ಬದ್ಲಿಸ್ತೇವೆ. ಇದ್ರದ್ದು ಒಂದು ಹೊಲಿಗೆ ಬಿಟ್ಟದ್ದಿಲ್ಲ.”

“ಒಮ್ಮೆಯೂ ಹರೀಲಿಲ್ವಾ?”

“ಹರಿಯುವುದಾ? ಒಮ್ಮೆ ಬಿದ್ದದ್ದುಂಟು, ಹೊಸತ್ರಲ್ಲಿ. ನಿಲ್ಲಿಸ್ಲಿಕ್ಕೆ ಬಂದವ ನಮ್ಮ ಕಡೆಯವನೇ, ತುಳು ಮಾತಾಡ್ತಿದ್ದ. ಫೋನು ಕಿವಿಗೆ ಇಟ್ಟುಕೊಂಡೇ ಗೂಟ ಹಾಕಿದ. ಮರಳಿಗೆ ಗೂಟ ನಿಲ್ತದಾ? ಮರಳು ತುಂಬಿದ ಮೂಟೆ ಹೂಳ್ಬೇಕು, ಮೂಟೆಗೆ ಹಗ್ಗ ಕಟ್ಬೇಕು. ನಾನು ಹೇಳಿದೆ, ಕೇಳ್ಲಿಲ್ಲ. ರಾತ್ರಿ ಗಾಳಿ ಬಂದು ಇಡೀ ಡೇರೆ ಬುಡ ಸಮೇತ ಕಿತ್ತು ಬಿತ್ತು. ನಮ್ಮ ಕಾವಲಿನ ಅಜ್ಜನಿಗೆ ಕಂಬ ತಾಗಿತು. ಡೇರೆಗೆ ಎಂತ ಆಗ್ಲಿಲ್ಲ, ಮರುದಿನ ನಾವೇ ನಾಲ್ಕು ಜನ ಎತ್ತಿ ನಿಲ್ಲಿಸಿದೆವು.”

“ಅಜ್ಜ?” ಎಂದು ಕೇಳಿದ ಕೊರಗಪ್ಪ.

“ಅವ್ರಾ? ಆರು ತಿಂಗಳಲ್ಲಿ ಎದ್ದು ಓಡಾಡಿದ್ರು. ಊರಿಗೆ ಹೋಗಿ ಆರಾಮಲ್ಲಿದ್ದಾರೆ. ಪ್ರತಿ ಈದಿಗೆ ನನಗೆ ಹೂವಿನ ಚಿತ್ರ ಕಳಿಸ್ತಾರೆ ಮೊಬೈಲಲ್ಲಿ.” ಬಾವಾ ಹಗ್ಗದ ಬಿಗಿ ನೋಡಿ ತೃಪ್ತಿಯಿಂದ ಕೈ ಒರೆಸಿಕೊಂಡ. “ಹೊಲಿದವ ಯಾರು ಅಂತ ಗೊತ್ತಿಲ್ಲ. ಯಾರೇ ಆಗ್ಲಿ, ಒಳ್ಳೇ ಕೈ ಮಾರ್ರೆ.”

ಹದಿನಾಲ್ಕು ವರ್ಷ ಕೊರಗಪ್ಪ ಯಾರ ಬಾಯಿಂದಲಾದರೂ ಕೇಳಬೇಕೆಂದಿದ್ದ ಮಾತು ಅದೊಂದೇ. ಅದು ಹೀಗೆ, ಹೆಸರು ಗೊತ್ತಿಲ್ಲದವನ ಬಾಯಲ್ಲಿ, ಅವನದೆಂದು ತಿಳಿಯದೆಯೇ ಬಂದುಬಿಟ್ಟಿತು. ನನ್ನದೇ ಕೈ ಎನ್ನಲು ಬಾಯಿ ತೆರೆದ. ಜೀಬ್ರಾ ಪಟ್ಟೆಯ ಕುರ್ಚಿಯಲ್ಲಿ ಕೂತು ಬಂದವನು, ಗೇಟಿನಲ್ಲಿ ಕೆಲಸದವನೆಂದು ತಿಳಿಯಲ್ಪಟ್ಟವನು, ಈಗ ಡೇರೆ ಹೊಲಿದವನೂ ಆಗಿಬಿಟ್ಟರೆ ಬಾವಾ ನಗಬಹುದು ಅನ್ನಿಸಿ ಸುಮ್ಮನಾದ. ಆ ಮುದುಕ ಎಷ್ಟು ಸಲ ಕನಸಿನಲ್ಲಿ ತೆವಳಿಕೊಂಡು ಅಬ್ಬಾಸಿಯಾದ ಮೆಟ್ಟಿಲು ಹತ್ತಿ ಬಂದಿದ್ದ! ಅವನು ಈದಿಗೆ ಹೂವಿನ ಚಿತ್ರ ಕಳಿಸುತ್ತಾನಂತೆ. ಕೊರಗಪ್ಪನಿಗೆ ಸಿಟ್ಟು ಬರಲಿಲ್ಲ, ಬರಬೇಕೆಂದು ಕಾದ. ಬಂದದ್ದು ನಾಚಿಕೆ. ಲತೀಶ ಕಳಿಸಿದ ಪ್ರತಿ ಬಾಡೂಟಕ್ಕೂ, ಕೊಡಿಸಿದ ಪ್ರತಿ ಅಂಗಿಗೂ ಕೈಮುಗಿದಂತೆ ನಿಂತದ್ದು ಒಂದೊಂದಾಗಿ ನೆನಪಾಯಿತು. ತನ್ನ ಕೈಯನ್ನು ತಾನೇ ನಂಬಲಿಲ್ಲ, ಅವನ ಬಾಯಿಯನ್ನು ನಂಬಿದ. ಕದ್ದವನು ಕದ್ದದ್ದರಲ್ಲೇ ಚೂರು ಚೂರು ದಾನ ಕೊಡುತ್ತ ಬಂದಿದ್ದ, ಇವನು ತೆಗೆದುಕೊಂಡು ಹರಸುತ್ತ ಬಂದಿದ್ದ. ಕುಸುಮಳಿಗೆ ಹೇಳಬೇಕು ಎಂದುಕೊಂಡ. ಅವಳ ಕರುಳು ಹೇಗೆ ತಡೆದುಕೊಂಡೀತು, ತಮ್ಮನೆಂದರೆ ಪ್ರಾಣ ಅವಳಿಗೆ ಎಂದು ಚಿಂತೆಯೂ ಆಯಿತು. ಆ ಚಿಂತೆಯನ್ನು ಹೊತ್ತುಕೊಂಡೇ ಒಳಗೆ ಹೋದ.

ಅವಳು ನಾಳೆಯ ಸೀರೆ ತೆಗೆದು ಮಡಿಕೆ ಸರಿಮಾಡುತ್ತಿದ್ದಳು. ಅವನು ಮೇಲೆ ತೋರಿಸಿ, ಮೆಲ್ಲಗೆ, ಮಗುವಿಗೆ ಕೆಟ್ಟ ಸುದ್ದಿ ಹೇಳುವವನಂತೆ ಹೇಳಿದ: “ಕುಸುಮ, ಇದು ನಾನು ಹೊಲಿದ ಡೇರೆ. ಇದು ಹರೀಲೇ ಇಲ್ಲ. ಗೂಟ ಸರಿ ಹಾಕದ್ದಕ್ಕೆ ಬಿದ್ದದ್ದು. ಲತೀಶ ಸುಳ್ಳು ಹೇಳಿದ.” ಸೀರೆಯ ಮೇಲೆ ಓಡಾಡುತ್ತಿದ್ದ ಅವಳ ಕೈ ನಿಂತಿತು. ಅವಳು ಮೇಲೆ ನೋಡಲಿಲ್ಲ. ಹೌದಾ ಎನ್ನಲಿಲ್ಲ, ಯಾರು ಹೇಳಿದ್ದು ಎನ್ನಲಿಲ್ಲ. “ಈಗ ಎಂತಕ್ಕೆ ಅದೆಲ್ಲ?” ಎಂದಳು.

ಆ ಮೂರು ಶಬ್ದ ಕೇಳಿ ಕೊರಗಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಅವಳ ಮುಖವನ್ನು ಅವನು ಮೂವತ್ತು ವರ್ಷ ಓದಿದ್ದ, ಹೆಚ್ಚಾಗಿ ಫೋನಿನಲ್ಲಿ. ಅದರಲ್ಲಿ ಆಶ್ಚರ್ಯದ ಒಂದು ಗೆರೆಯೂ ಇರಲಿಲ್ಲ. ಬಹಳ ದಿನದಿಂದ ಬರಬೇಕಾಗಿದ್ದ ನೆಂಟರು ಬಂದಾಗ ಆಗುವ ಆಯಾಸ ಮಾತ್ರ ಇತ್ತು.

“ನಿನಗೆ ಗೊತ್ತಿತ್ತಾ?”

“ಅವ ಆ ವರ್ಷವೇ ಊರಿಗೆ ಬಂದಾಗ ಹೇಳಿದ. ನನ್ನ ಕಾಲು ಹಿಡಿದು ಅತ್ತ,” ಎಂದಳು ಅವಳು. “ಅಮ್ಮ ಹಾಸಿಗೆ ಹಿಡಿದಿದ್ರು. ಅವನ ಕೆಲಸ ಹೋದ್ರೆ ಅವ ಮತ್ತೆ ಊರಲ್ಲಿ ಅಲೀತಿದ್ದ. ನೀವು ಹೇಗೂ ಸುಧಾರಿಸ್ಕೊಳ್ತೀರಿ ಅಂತ ಅನ್ನಿಸಿತು. ನೀವು ಯಾವಾಗ್ಲೂ ಸುಧಾರಿಸ್ಕೊಂಡಿದ್ದೀರಿ ಅಲ್ವಾ? ಆಮೇಲೆ ಅನ್ವಿತಾಳ ಕೆಲಸ, ಅವಳ ಮದುವೆ. ಹೇಳ್ಬೇಕು ಅಂತ ಇದ್ದೆ. ಹೇಳ್ಲಿಕ್ಕೆ ದಿನವೇ ಸಿಗ್ಲಿಲ್ಲ.”

ಹದಿನಾಲ್ಕು ವರ್ಷದಲ್ಲಿ ಆ ಒಂದು ದಿನ ಸಿಕ್ಕಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಒಂದು ಚಿತ್ರ ಎದ್ದು ನಿಂತಿತ್ತು: ದೈವದ ಚಾವಡಿ, ಉರಿಯುವ ಬತ್ತಿ, ಮಿಂದು ಬಂದ ಕುಸುಮ ಬಿಳಿ ಚೀಲವನ್ನು ಎರಡು ಕೈಯಲ್ಲಿ ಹಿಡಿದು ಗಂಡನ ಕೈಯಿಂದಾದ ತಪ್ಪನ್ನು ಒಪ್ಪಿಸುತ್ತಿದ್ದಾಳೆ, ತಪ್ಪು ತಮ್ಮನದೆಂದು ಗೊತ್ತಿದ್ದೂ. “ಹಾಗಾದ್ರೆ ಆ ಕಾಣಿಕೆ?” ಎಂದ. “ಅದನ್ನು ಎಂತ ಹೇಳಿ ಇಡ್ತಿದ್ದೆ?”

ಈಗ ಮೊದಲ ಸಲ ಅವಳು ಅಳತೊಡಗಿದಳು. “ಇಡ್ಲಿಲ್ಲ. ಒಂದನ್ನೂ ಇಡ್ಲಿಲ್ಲ. ಅಲ್ಲಿ ನಿಂತು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಎಲ್ಲ ನನ್ನ ಪೆಟ್ಟಿಗೆಯಲ್ಲುಂಟು, ಸೀರೆಯ ಅಡಿಯಲ್ಲಿ.”

ದೈವಕ್ಕೆ ಸಲ್ಲಬೇಕಾದ್ದು ಸಂದಿರಲಿಲ್ಲ, ಅದು ಸರಿಯಾಗಿಯೇ ನುಡಿದಿತ್ತು. ಅವನ ಒಳಗೆ ನೋಯುತ್ತಿದ್ದದ್ದು ಲತೀಶನ ಸುಳ್ಳಲ್ಲ ಈಗ; ಅದು ಹೆದರಿದ ಹುಡುಗನ ಸುಳ್ಳು, ಅದಕ್ಕೊಂದು ಕಾರಣವಾದರೂ ಇತ್ತು. ದೈವದ ಕಲ್ಲಿನೆದುರು, ಬತ್ತಿಯೆದುರು ಇವಳ ನಾಲಿಗೆ ಸುಳ್ಳಿಗೆ ಏಳಲಿಲ್ಲ. ತಾನು ಪ್ರತಿ ವರ್ಷ ತಂಬಿಲದ ಮರುದಿನ ಫೋನು ಮಾಡಿ, ಚೀಲ ಇಟ್ಟೆಯಾ, ದೈವ ಏನಾದರೂ ಸೂಚನೆ ಕೊಟ್ಟಿತಾ ಎಂದು ಕೇಳುವಾಗ ಮಾತ್ರ, ಇಟ್ಟೆ, ನೀವು ಚಿಂತೆ ಮಾಡ್ಬೇಡಿ, ಊಟ ಆಯ್ತಾ ಎಂದು ಸಲೀಸಾಗಿ ಎದ್ದಿತು. ಅವಳಿಗೆ ಹೆದರಿಕೆಯಿಲ್ಲದೆ ಸುಳ್ಳು ಹೇಳಬಹುದಾಗಿದ್ದ ಜಾಗ ತಾನು. ಕುಸುಮ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಕೊಡವಲಿಲ್ಲ, ಹಿಡಿಯಲೂ ಇಲ್ಲ. “ಲತೀಶನ ಹತ್ರ ಎಂತ ಕೇಳ್ಬೇಡಿ,” ಎಂದಳು. “ಮಗಳ ಸಂಸಾರ ಅವನನ್ನು ನಂಬಿಕೊಂಡುಂಟು.” ಈಗಲೂ ಅವಳಿಗೆ ಅದೇ ಚಿಂತೆ. ಇವನಿಗೆ ಬೇಕಾಗಿದ್ದದ್ದು ಒಂದೇ ಮಾತು, ನಿಮ್ಮ ಕೈ ತಪ್ಪಿರಲಿಲ್ಲ ಎಂಬುದು. ಅದನ್ನು ಅವಳು ಆಗಲೂ ಹೇಳಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಲತೀಶನ ಬಿಳಿ ಕಾರು ಬಂತು. ಡೇರೆಯೊಳಗೆ ಸೆಂಟಿನ ವಾಸನೆ ಮೊದಲು ಬಂತು, ಅವನು ಆಮೇಲೆ ಬಂದ. “ಹೇಗಿತ್ತು ಭಾವ? ಒಳ್ಳೆ ನಿದ್ದೆ ಬಂತಾ? ಅಕ್ಕ, ಫೋಟೋ ತೆಗ್ದೆಯಾ?” ಎಂದು ನಗುತ್ತ ಜೀಬ್ರಾ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಕುಸುಮಾವತಿ ಚೀಲದ ಜಿಪ್ಪು ಎಳೆಯತೊಡಗಿದಳು. ಅದು ಯಾವಾಗಲೋ ಮುಚ್ಚಿ ಆಗಿತ್ತು. ಕೊರಗಪ್ಪ ಕೈಬೆರಳಿನಿಂದ ಮೇಲೆ ತೋರಿಸಿದ.

“ಡೇರೆ ಒಳ್ಳೆದುಂಟು. ಯಾರು ಹೊಲಿದದ್ದು ಲತೀಶ?”

ತಲೆಯೆತ್ತಿ ನೋಡಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಆ ಗಂಟನ್ನು ಅವನಿಗೂ ಇದೇ ಕೈ ಕಲಿಸಿತ್ತು. ಅವನು ಮೊಬೈಲಿನಲ್ಲಿ ಏನೋ ಒತ್ತುತ್ತ, “ಅಯ್ಯೋ, ಯಾರಿಗೆ ಗೊತ್ತು ಭಾವ, ಎಲ್ಲ ಚೈನಾ ಮಾಲು ಈಗ. ಯಲ್ಲಾ, ಹೊರಡುವ, ಟ್ರಾಫಿಕ್ ಆಗ್ತದೆ,” ಎಂದ.

ಕೊರಗಪ್ಪ ಹೆಂಡತಿಯ ಕಡೆ ನೋಡಿದ. ಒಂದು ಮಾತು ಹೇಳಲು ಅವಳಿಗೆ ಇನ್ನೂ ಸಮಯವಿತ್ತು. ಅವಳು ಜಿಪ್ಪನ್ನು ತೆರೆದು ಮತ್ತೆ ಮುಚ್ಚಿದಳು. ಅವನು ಎದ್ದು, ಕನ್ನಡಕವನ್ನು ಜೇಬಿನಿಂದ ತೆಗೆದು ಮರದ ಜಿರಾಫೆಯ ಪಕ್ಕದಲ್ಲಿಟ್ಟ. ದನಿ ತಗ್ಗಲಿಲ್ಲ, ಅದು ಅವನಿಗೇ ವಿಚಿತ್ರವಾಗಿ ಕೇಳಿತು.

“ಲತೀಶ, ನಿನ್ನ ಅಕ್ಕನ ಪೆಟ್ಟಿಗೆಯಲ್ಲಿ ತಪ್ಪುಕಾಣಿಕೆಯ ಹದಿನಾಲ್ಕು ಚೀಲ ಉಂಟು. ಎಲ್ಲ ನಿನ್ನ ಲೆಕ್ಕದ್ದು, ಹೊಲಿದದ್ದು ಮಾತ್ರ ನಾನು. ಊರಿಗೆ ಹೋದಾಗ ತೆಗೆದುಕೊಂಡು ಹೋಗಿ ನೀನೇ ನಿಂತು ಇಡು. ಈ ವರ್ಷದ್ದನ್ನು ನೀನೇ ಹೊಲಿ. ಗೇಣಿಗೊಂದು ಗಂಟು, ಮರೀಬೇಡ.”

ಲತೀಶನ ಬೆರಳು ಮೊಬೈಲಿನ ಮೇಲೆ ನಿಂತಿತು. ಅವನು ಮೊದಲು ಅಕ್ಕನನ್ನು ನೋಡಿದ, ಆಮೇಲೆ ನಿಧಾನವಾಗಿ ತಲೆಯೆತ್ತಿ ಡೇರೆಯ ನೆತ್ತಿಯನ್ನು ನೋಡಿದ. ಅಲ್ಲಿ ಅವನ ಮುಖ ಏನಾಯಿತೆಂದು ಕೊರಗಪ್ಪ ನಿಂತು ನೋಡಲಿಲ್ಲ. ಹೊರಗೆ ಹೋಗಿ ಡೇರೆಯ ಬಾಗಿಲಿನ ಮರದ ಮೆಟ್ಟಿಲ ಮೇಲೆ ಕೂತ. ಅಹ್ಮದ್ ಬಾವಾ ಬೆಳಗಿನ ಚಹಾದ ತಟ್ಟೆ ಹಿಡಿದುಕೊಂಡು ಮರಳಿನ ಮೇಲೆ ನಡೆದು ಬಂದ, ನಿನ್ನೆಯಂತೆ ಆದೀತೆಂದು ತಟ್ಟೆಯನ್ನು ಸ್ವಲ್ಪ ದೂರದಲ್ಲೇ ಹಿಡಿದು ನಿಂತ. ಕೊರಗಪ್ಪ ಕೂತಲ್ಲಿಂದ ಏಳದೆ ಕೈಚಾಚಿ ಒಂದು ಲೋಟ ತೆಗೆದುಕೊಂಡ.